ಪಗಾರ ಮಾಫಿ, ಸೂಟಿ ಮಾಫಿ

ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಯಾಸ್ಮೀನಳ ದೂರಿನ ವಿಚಾರಣೆ ಶುರುವಾಯಿತು. ಹನ್ನೆರಡು ನಲವತ್ತನಾಲ್ಕಕ್ಕೆ ಮುಗಿಯಿತು. ಅಂದು 2025ರ ಮಾರ್ಚ್ 11, ಮಂಗಳವಾರ. ರಮಜಾನಿನ ಹತ್ತನೇ ಉಪವಾಸ.

ವಿಚಾರಣೆ ಎರಡು ಕೋಣೆಗಳಲ್ಲಿ ನಡೆಯಿತು. ಒಂದು ಕೋಣೆ ಕೊಲ್ಲಿಯ ಒಂದು ದೇಶದ ಕಾರ್ಮಿಕ ಕಚೇರಿಯಲ್ಲಿತ್ತು. ಅಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಇನ್ನೊಂದು ಗದಗದ ಜಂಟಿ ನೆರವು ಕೋಶದ್ದು. ಹೊರದೇಶಕ್ಕೆ ದುಡಿಯಲು ಹೋದವರ ದೂರುಗಳನ್ನು ಎರಡೂ ದೇಶ ಸೇರಿ ಬಗೆಹರಿಸಬೇಕು ಎಂಬ ಒಪ್ಪಂದದಂತೆ ಈ ಕೋಶ ಜನವರಿಯಲ್ಲಿ ತೆರೆದಿತ್ತು. ಒಂದು ಟೀವಿ, ಎಂಟು ಕುರ್ಚಿ, ಗೋಡೆಗೆ ಒಂದು ಫಲಕ. ಫಲಕದ ಮೇಲೆ ಕುಲುಕುವ ಎರಡು ಕೈಗಳ ಚಿತ್ರ, ಒಪ್ಪಂದದ ಹನ್ನೆರಡು ನಿಯಮಗಳು, ಕೆಳಗೆ ಎರಡೂ ಕಡೆಯ ಸಹಾಯವಾಣಿಯ ನಂಬರು.

ಗದಗದ ಕೋಣೆಯಲ್ಲಿ ನಾಲ್ವರಿದ್ದರು. ಕೋಶದ ಅಧಿಕಾರಿ ಸೋಮೇಶ. ಟೈಪು ಮಾಡುವ ರೋಜಾ. ಅವಳು ಮುಂಡರಗಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ಗುತ್ತಿಗೆ ಕೆಲಸದವಳು. ಯಾಸ್ಮೀನಳ ತಾಯಿ ಅಮೀನಬಿ, ಲಕ್ಷ್ಮೇಶ್ವರದವಳು. ನಾಲ್ಕನೆಯವನು ಕೋಶದ ಗೌರವ ಸಂಯೋಜಕ ಅಬ್ದುಲಗನಿ. ಹನ್ನೊಂದು ವರ್ಷ ಕೊಲ್ಲಿಯಲ್ಲಿದ್ದು ಬಂದವನು, ಅಲ್ಲಿಯ ರೀತಿ ಬಲ್ಲವನು ಎಂದು ಅವನನ್ನು ಆರಿಸಿದ್ದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಅವನ ಏಜೆನ್ಸಿಯ ಬೋರ್ಡುಗಳಿದ್ದವು. ಯಾಸ್ಮೀನಳನ್ನು ಅಲ್ಲಿಗೆ ಕಳಿಸಿದವನೂ ಅವನೇ.

ಯಾಸ್ಮೀನ ಹೋಗಿ ಎರಡು ವರ್ಷವಾಗಿತ್ತು. ಅಡುಗೆ ಮತ್ತು ಒಬ್ಬ ಮುದುಕಿಯ ಆರೈಕೆ ಅವಳ ಕೆಲಸ. ಎಂಟು ತಿಂಗಳಾದ ಮೇಲೆ ಪಗಾರ ನಿಂತಿತು. ಪಾಸ್‌ಪೋರ್ಟ್ ಮೊದಲ ದಿನವೇ ಕೆಲಸಕ್ಕಿದ್ದ ಮನೆಯವರ ಕಪಾಟು ಸೇರಿತ್ತು. ಕರಾರು ಫೆಬ್ರುವರಿಗೆ ಮುಗಿದಿತ್ತು. ಮಾರ್ಚ್ 20ಕ್ಕೆ ಅವಳ ವಾಸದ ಪರವಾನಗಿಯ ಅವಧಿ ತೀರುತ್ತಿತ್ತು. ಅಷ್ಟರಲ್ಲಿ ಕಾರ್ಮಿಕ ಕಚೇರಿ ಬಿಡುಗಡೆಯ ಆದೇಶ ಕೊಡದಿದ್ದರೆ ಮನೆಯವರು ಪರವಾನಗಿ ನವೀಕರಿಸುತ್ತಿದ್ದರು, ಅವಳು ಇನ್ನೆರಡು ವರ್ಷ ಅಲ್ಲಿಂದ ಅಲುಗಾಡುವಂತಿರಲಿಲ್ಲ. ಅಮೀನಬಿ ಗದಗಕ್ಕೆ ಬಂದದ್ದು ಆ ಒಂದು ಆದೇಶಕ್ಕಾಗಿ.

ಒಪ್ಪಂದದಲ್ಲಿ ಒಂದು ಒಳ್ಳೆಯ ನಿಯಮವಿತ್ತು. ಕಾರ್ಮಿಕರು ಅಂಜದೆ ಮಾತಾಡಲಿ ಎಂದು, ಹೇಳಿಕೆಯ ಹೊತ್ತಿಗೆ ಅಲ್ಲಿಯ ಅಧಿಕಾರಿ ಕೋಣೆಯಿಂದ ಹೊರಗೆ ಹೋಗಬೇಕು. ಹೇಳಿಕೆಯನ್ನು ಊರ ಕಡೆಯ ಕೋಶ ಕಾರ್ಮಿಕರ ಭಾಷೆಯಲ್ಲಿ ಕೇಳಿ, ಇಂಗ್ಲಿಷಿಗೆ ಮಾಡಿ ಕಳಿಸಬೇಕು. ಆ ಕಾಗದದ ಮೇಲೆ ಅಲ್ಲಿ ತೀರ್ಮಾನವಾಗುತ್ತದೆ.

ಅಧಿಕಾರಿ ನಿಯಮದಂತೆ ಎದ್ದು ಹೋದ. ಆದರೆ ಯಾಸ್ಮೀನಳನ್ನು ಕರೆತಂದಿದ್ದ ಮನೆಯ ಡ್ರೈವರ್ ಬಾಗಿಲಲ್ಲೇ ನಿಂತ. ಅವನಿಗೆ ಹಿಂದಿ, ಉರ್ದು ಬರುತ್ತಿದ್ದವು. ಅದಕ್ಕೇ ಅವಳು ಮನೆಮಾತು ಉರ್ದು ಬಿಟ್ಟು ಕನ್ನಡದಲ್ಲಿ ಮಾತಾಡಿದಳು.

“ಹೇಳ ತಂಗಿ, ಏನ ಹೇಳೂದೈತಿ ಜಲ್ದಿ ಹೇಳು. ನೆಟ್ ಹೋಗಿಬಿಡತೈತಿ,” ಎಂದ ಸೋಮೇಶ.

ಟೀವಿಯಲ್ಲಿ ಯಾಸ್ಮೀನಳ ಮುಖ ತಾಯಿ ಕಂಡಿದ್ದಕ್ಕಿಂತ ಉದ್ದವಾಗಿ ಕಂಡಿತು. ಅವಳು ತಗ್ಗಿದ ದನಿಯಲ್ಲಿ, ಒಂದೊಂದೇ ಎಣಿಸುವವಳ ಹಾಗೆ ಹೇಳಿದಳು:

“ಪಗಾರ ಮಾಫಿರಿ. ಸೂಟಿ ಮಾಫಿ. ಪಾಸ್‌ಪೋರ್ಟ್ ಮಾಫಿ. ಎಲ್ಲಾ ಮಾಫಿ. ಅಮ್ಮಾ, ನನ್ನ ಹೆಂಗರೆ ಮಾಡಿ...”

ಅಲ್ಲಿಗೆ ಚಿತ್ರ ನಿಂತಿತು. ಬಾಯಿ ತೆರೆದ ಮುಖ ಎರಡು ನಿಮಿಷ ಗೋಡೆಯ ಮೇಲೆ ಹಾಗೇ ಇತ್ತು. ಆಮೇಲೆ ಟೀವಿ ನೀಲಿಯಾಯಿತು.

“ಏನಂದ್ಲು? ಮಾಫಿ ಅಂದ್ಲಲ್ಲಾ?” ಸೋಮೇಶ ತಾಯಿಯ ಕಡೆ ತಿರುಗಿದ.

“ಹೌದ್ರಿ. ಮಾಫಿ ಅಂದ್ಲು.”

“ನೀವ ತಾಯಿ. ನಿಮ್ಮ ಕಿವೀಲೇ ಕೇಳೀರಿ?”

“ಕೇಳೇನ್ರಿ ಸಾಹೇಬ್ರ. ಆದ್ರ ಹಂಗ್ಯಾಕ ಅಂದ್ಲು...”

“ರಮಜಾನ ತಿಂಗಳಲ್ಲ ಆಪಾ,” ಎಂದ ಅಬ್ದುಲಗನಿ. ಅವನ ತಲೆಯ ಮೇಲೆ ಹೊಸ ಬಿಳಿ ಟೊಪ್ಪಿಗೆ ಇತ್ತು. “ಈ ತಿಂಗಳದಾಗ ನಮ್ಮ ಮಂದಿ ವೈರೀನೂ ಮಾಫ್ ಮಾಡತಾರ. ಖಾನದಾನಿ ಹುಡುಗಿ. ನಿಮ್ಮ ಹೊಟ್ಯಾಗ ಹುಟ್ಟಿದಾಕಿ, ಮತ್ತ ಹೆಂಗ ಇರ್ತಾಳ?”

ರೋಜಾ ಇಂಗ್ಲಿಷಿನಲ್ಲಿ ಟೈಪು ಮಾಡಿದಳು. ಕಾರ್ಮಿಕಳು ಸ್ವಇಚ್ಛೆಯಿಂದ ಮಾಲೀಕರನ್ನು ಕ್ಷಮಿಸಿದ್ದಾಳೆ. ಸಂಬಳ, ರಜೆ, ಪಾಸ್‌ಪೋರ್ಟ್ ಕುರಿತು ಅವಳ ತಕರಾರು ಇಲ್ಲ. ಸಾಕ್ಷಿಯ ಜಾಗದಲ್ಲಿ ಅಮೀನಬಿ ಉರ್ದು ಅಕ್ಷರದಲ್ಲಿ ಸಹಿ ಹಾಕಿದಳು. ಕಾಗದವನ್ನು ಯಾರೂ ಅವಳಿಗೆ ಓದಿ ಹೇಳಲಿಲ್ಲ. ಅಬ್ದುಲಗನಿ ಎರಡನೇ ಸಾಕ್ಷಿ. ಸೋಮೇಶ ಅವರಿಬ್ಬರನ್ನು ಫಲಕದ ಕೆಳಗೆ ನಿಲ್ಲಿಸಿ ಫೋಟೋ ತೆಗೆಸಿದ.

ಅಮೀನಬಿ ಹೊರಗೆ ಬಂದು ಆಟೋ ಹತ್ತಿದಳು. ಆಟೋದವನು ಮಲ್ಲಸಮುದ್ರದ ಮಾಶಾಕ. ಅವಳಿಗೆ ಪರಿಚಯದವನಲ್ಲ.

“ಎಲ್ಲಿಗ್ರಿ ಖಾಲಾ?”

“ಹೊಸಾ ಬಸ್‌ಸ್ಟ್ಯಾಂಡು. ಲಕ್ಷ್ಮೇಶ್ವರದ ಬಸ್ಸ ಹಿಡೀಬೇಕು.”

ಸ್ವಲ್ಪ ದೂರ ಹೋದ ಮೇಲೆ ಅವನು ಕನ್ನಡಿಯಲ್ಲಿ ನೋಡಿದ. “ಯಾಕ ಅಳಾಕತ್ತೀರಿ? ಯಾರರೆ ಹೋದ್ರೇನು?”

“ಇಲ್ಲೋ ಬೇಟಾ. ನನ್ನ ಮಗಳು ಎಲ್ಲಾ ಮಾಫ್ ಮಾಡ್ಯಾಳಂತ.”

“ದೊಡ್ಡ ಮನಸಿನಾಕಿ ಬಿಡ್ರಿ. ನಾ ಒಂದ್ ಚಾದ ಕಪ್ಪ ಒಡದದ್ದನ್ನ ನನ್ನ ಹೆಂಡ್ತಿ ಇನ್ನೂ ಮಾಫ್ ಮಾಡಿಲ್ಲ. ಎಲ್ಲಿರ್ತಾಳ ಮಗಳು?”

ಅವಳು ದೇಶದ ಹೆಸರು ಹೇಳಿದಳು. ಮಾಶಾಕ ಆಟೋದ ವೇಗ ಇಳಿಸಿದ.

“ಆಕಿ ಏನಂದ್ಲು, ಅಂದದ್ದ ಹಂಗ ಹೇಳ್ರಿ. ಒಂದ್ ಅಕ್ಷರ ಆಕಡೆ ಈಕಡೆ ಮಾಡಬ್ಯಾಡ್ರಿ.”

“ಪಗಾರ ಮಾಫಿ. ಸೂಟಿ ಮಾಫಿ. ಪಾಸ್‌ಪೋರ್ಟ್ ಮಾಫಿ.”

ಅವನು ಆಟೋವನ್ನು ರಸ್ತೆಯ ಬದಿಗೆ ತಂದು ಎಂಜಿನ್ ಆರಿಸಿದ.

“ಖಾಲಾ, ಆಕಿ ಯಾರನ್ನೂ ಮಾಫ್ ಮಾಡಿಲ್ಲ. ಇಲ್ಲಾ ಅಂದಾಳ. ಪಗಾರ ಇಲ್ಲ, ಸೂಟಿ ಇಲ್ಲ, ಪಾಸ್‌ಪೋರ್ಟ್ ಇಲ್ಲ. ಅಲ್ಲಿ ಬಜಾರಿನ ಅರಬ್ಬಿಯೊಳಗ ಮಾಫಿ ಅಂದ್ರ ‘ಇಲ್ಲ’. ಆರ ವರ್ಷ ನಾ ಅಲ್ಲಿ ನೀರಿನ ಟ್ಯಾಂಕರ್ ಹೊಡದೀನಿ. ನೀರ್ ಮಾಫಿ, ಡೀಸೆಲ್ ಮಾಫಿ, ಸೇಠ ಮಾಫಿ, ದಿನಾ ನೂರ ಸಲ. ಬಂದ ಮ್ಯಾಲೂ ಆರ ತಿಂಗಳ ಬಾಯಿಂದ ಹೋಗಲಿಲ್ಲ. ಸಾರಿನಾಗ ಉಪ್ಪ ಮಾಫಿ ಅಂದ್ರ, ನಮ್ಮಾಕಿ, ‘ಏನ ಮನಶ್ಯಾನೋ, ಉಪ್ಪಿಗೂ ಮಾಫಿ ಕೇಳ್ತಾನ’ ಅಂತ ಓಣಿಗೆಲ್ಲಾ ಹೇಳ್ಕೊಂಡ ನಕ್ಕಾಳ.”

ಅಮೀನಬಿ ನಗಲಿಲ್ಲ. ಅವಳಿಗೆ ಎರಡು ವರ್ಷದ ಶುಕ್ರವಾರಗಳು ನೆನಪಾದವು. ತಿಂಗಳಿಗೊಂದು ಶುಕ್ರವಾರ ಮಗಳು ಮನೆಯವರ ಫೋನಿನಿಂದ ಮೂರು ನಿಮಿಷ ಮಾತಾಡುತ್ತಿದ್ದಳು. “ಟೈಮ್ ಮಾಫಿ ಅಮ್ಮಾ” ಅನ್ನುತ್ತಿದ್ದಳು. “ನಿದ್ದಿ ಮಾಫಿ” ಅನ್ನುತ್ತಿದ್ದಳು. ಒಮ್ಮೆ “ರೊಟ್ಟಿ ಮಾಫಿ” ಅಂದಿದ್ದಳು. ಮಗಳು ತನ್ನ ಹತ್ತಿರ ಮಾಫಿ ಕೇಳುತ್ತಿದ್ದಾಳೆ ಎಂದೇ ಅವಳು ತಿಳಿದಿದ್ದಳು. ಪ್ರತಿ ಸಲವೂ ಒಂದೇ ಉತ್ತರ ಕೊಟ್ಟಿದ್ದಳು: “ಮಾಫಿ ಯಾಕ ಕೇಳ್ತಿ ಮಗಳ? ನೀ ಏನ ತಪ್ಪ ಮಾಡೀದಿ?”

ಅಡುಗೆಮನೆಯಲ್ಲಿ ಎರಡು ವರ್ಷ ಕೇಳಿ ಆಡಿದ ಮಾತು ಯಾಸ್ಮೀನಳ ನಾಲಗೆಗೆ ಅಂಟಿಬಿಟ್ಟಿತ್ತು. ತಾನು ಕನ್ನಡದಲ್ಲೇ ಹೇಳಿದೆ ಎಂದು ಅವಳು ನಂಬಿದ್ದಳು. ಅವಳ ಹೇಳಿಕೆಯಲ್ಲಿ ಬಾಗಿಲಿನ ಡ್ರೈವರನಿಗೆ ಚೆನ್ನಾಗಿ ತಿಳಿದ ಮಾತು, ಗದಗದಲ್ಲಿ ತಿಳಿಯದೆ ಹೋದ ಮಾತು, ಎರಡೂ ಒಂದೇ.

“ಬೇಟಾ, ವಾಪಸ್ ತಿರಗಸು,” ಎಂದಳು ಅಮೀನಬಿ.

ಒಂದು ನಲವತ್ತೈದಕ್ಕೆ ಇಬ್ಬರೂ ಕೋಶದ ಮೆಟ್ಟಿಲು ಹತ್ತಿದರು. ಊಟದ ಹೊತ್ತು. ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಮಂಡಕ್ಕಿ, ಮಿರ್ಚಿ ಸುರಿದಿದ್ದರು. ಸೋಮೇಶನ ಎದುರು ಅಬ್ದುಲಗನಿ ಕೂತಿದ್ದ. ಬಿಳಿ ಟೊಪ್ಪಿಗೆ ಮಡಿಸಿ ಅಂಗಿಯ ಕಿಸೆಯಲ್ಲಿಟ್ಟಿದ್ದ. ಅವನ ಗದ್ದದ ಮೇಲೆ ಎಣ್ಣೆ ಇತ್ತು. ಅಮೀನಬಿಯನ್ನು ಕಂಡು ಕೈಯಲ್ಲಿದ್ದ ಅರ್ಧ ಮಿರ್ಚಿಯನ್ನು ಪೇಪರಿನ ಅಡಿಗೆ ಸರಿಸಿದ.

“ಶುಗರ್ ಐತಿ ಆಪಾ. ಡಾಕ್ಟರ ಉಪಾಸ ಬ್ಯಾಡಂದಾರ.”

ಅವನ ಉಪವಾಸದ ಬಗ್ಗೆ ಯಾರೂ ಕೇಳಿರಲಿಲ್ಲ.

“ಗನಿಭಾಯಿ, ನೀವು ಹನ್ನೊಂದ ವರ್ಷ ಅಲ್ಲಿದ್ದವ್ರು,” ಎಂದಳು ಅಮೀನಬಿ. “ಅಲ್ಲಿ ಮಾಫಿ ಅಂದ್ರೇನು?”

ಅವನು ಬೆರಳುಗಳನ್ನು ಒಂದೊಂದಾಗಿ ಪೇಪರಿಗೆ ಒರೆಸಿದ. ಮಾಶಾಕನನ್ನು ನೋಡಿದ. ಅವಳನ್ನು ನೋಡಲಿಲ್ಲ.

“ಮಾಫಿ ಅಂದ್ರ ಮಾಫಿ. ನಾವ ಕುಂತದ್ದು ಗದಗದಾಗ. ಗದಗದ ಅರ್ಥಾನ ಹಿಡೀಬೇಕು.”

“ಇದೇ ಮಾತು ಅಲ್ಲಿ ನಿಮ್ಮ ಸೇಠಗ ಹೇಳಿದ್ರೇನು, ಅವ ಪಗಾರ ಮಾಫಿ ಅಂದಾಗ?” ಎಂದ ಮಾಶಾಕ.

“ನೀ ಯಾರಲೇ?”

“ಆಟೋದಂವ. ಟೊಪ್ಪಿಗಿ ಕಿಸೇದಾಗ ಇಟ್ಟಕೊಳ್ಳೂದಿಲ್ಲ.”

ಸೋಮೇಶ ಎದ್ದು ನಿಂತ. ಅವನು ಕೆಟ್ಟದಾಗಿ ಮಾತಾಡಲಿಲ್ಲ. ದನಿ ಏರಿಸಲೂ ಇಲ್ಲ. ಇ-ಮೇಲ್ ಮಧ್ಯಾಹ್ನ ಒಂದು ಹದಿನೈದಕ್ಕೆ ಹೋಗಿದೆ ಎಂದ. ಎರಡು ದೇಶಗಳ ನಡುವಿನ ಕಾಗದವನ್ನು ಆಟೋದವನ ಮಾತಿನ ಮೇಲೆ ತಿದ್ದಲು ಬರುವುದಿಲ್ಲ, ಅರಬ್ಬಿ ಬಲ್ಲ ವಿದ್ವಾಂಸರಿಂದ ಬರೆಸಿ ತಂದರೆ ನೋಡೋಣ ಎಂದ. “ಕುಂಡ್ರಿ, ಚಾ ಕುಡೀರಿ” ಎಂದೂ ಹೇಳಿದ. ಅವಳಿಗೆ ಉಪವಾಸ ಎಂಬುದು ಅವನಿಗೆ ನೆನಪಿರಲಿಲ್ಲ.

ಲಕ್ಷ್ಮೇಶ್ವರದಲ್ಲಿ ಅರಬ್ಬಿ ಬಲ್ಲವರು ದಸ್ತಗೀರಸಾಬರು. ನಲವತ್ತು ವರ್ಷ ಮದರಸಾದಲ್ಲಿ ಕಲಿಸಿದವರು, ಊರಲ್ಲಿ ಅವರ ಮಾತಿಗೆ ಎದುರಿಲ್ಲ. ಬುಧವಾರ ಅಮೀನಬಿ ಅವರ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಅವರು ಎರಡು ದಪ್ಪ ಕಿತಾಬುಗಳನ್ನು ತೆಗೆದು ಒಂದು ತಾಸು ಹುಡುಕಿದರು.

“ಬೇಟಿ, ಆಟೋದ ಹುಡುಗ ಹೇಳೂದು ಖರೇನ ಇರಬಹುದು. ಆದ್ರ ಅದು ಬಾಯಿಮಾತು. ಕಿತಾಬಿನ ಅರಬ್ಬಿಯೊಳಗ ಆ ಅರ್ಥ ನನಗ ಸಿಗವಲ್ದು. ನಾ ಆ ದೇಶ ನೋಡಿದವನಲ್ಲ. ಕಾಣದ್ದನ್ನ ಬರದು ಸಹಿ ಹಾಕಲೇನು, ಅದೂ ಈ ತಿಂಗಳದಾಗ?”

ಅವರು ಪ್ರಾಮಾಣಿಕರು. ತಮಗೆ ಗೊತ್ತಿದ್ದಷ್ಟನ್ನೇ ಬರೆದುಕೊಟ್ಟರು: ಗ್ರಂಥಗಳಲ್ಲಿ ಈ ಅರ್ಥ ಕಂಡುಬಂದಿಲ್ಲ, ಆಡುಮಾತಿನಲ್ಲಿ ಇರಬಹುದು, ಅಲ್ಲಿ ದುಡಿದವರನ್ನು ವಿಚಾರಿಸಬೇಕು.

ಗುರುವಾರ ಸೋಮೇಶ ಆ ಚೀಟಿಯ ಮೊದಲರ್ಧ ಓದಿ ಕಡತಕ್ಕೆ ಹಚ್ಚಿಕೊಂಡ. “ನೋಡ್ರಿ, ನಿಮ್ಮವ್ರ ಬರದಾರ, ಆ ಅರ್ಥ ಇಲ್ಲಂತ.”

“ಕೆಳಗಿಂದೂ ಓದ್ರಿ ಸಾಹೇಬ್ರ.”

“ಓದೀನಿ. ಇರಬಹುದು ಅಂತೈತಿ. ಇರಬಹುದು ಅನ್ನೂದಕ್ಕ ನಾ ಏನ ಮಾಡಲಿ?”

ಅವನ ಹಿಂದಿನ ಫಲಕದ ಬದಿಗೆ ಆ ದಿನದ ಪೇಪರಿನ ತುಂಡು ಹಚ್ಚಿತ್ತು. ಸುದ್ದಿಯ ತಲೆಬರಹ: ‘ಮಾಲೀಕರನ್ನು ಕ್ಷಮಿಸಿದ ಲಕ್ಷ್ಮೇಶ್ವರದ ಮಗಳು’. ಅದರ ಕೆಳಗೆ ಸಣ್ಣಕ್ಷರದಲ್ಲಿ, ಗಡಿಯಾಚೆಯ ಸಹಕಾರಕ್ಕೆ ಜಿಲ್ಲೆಯಲ್ಲಿ ಮೊದಲ ಯಶಸ್ಸು. ಫೋಟೋದಲ್ಲಿ ಅಮೀನಬಿ ಕಣ್ಣು ಮುಚ್ಚಿದ್ದಳು. ಅಬ್ದುಲಗನಿ ಮುಗುಳ್ನಗುತ್ತಿದ್ದ. ವರದಿ ಮಾಡಿದವನು ಅಮೀನಬಿಯನ್ನು ಮಾತಾಡಿಸಿರಲಿಲ್ಲ. ಕೋಶ ಕಳಿಸಿದ ಪ್ರಕಟಣೆಯನ್ನೇ ಹಾಕಿದ್ದ.

ಮಗಳ ಫೋನಿನ ಶುಕ್ರವಾರ ಬಂತು, ಫೋನ್ ಬರಲಿಲ್ಲ.

ಸೋಮವಾರ, 17ನೇ ತಾರೀಖು, ಅಮೀನಬಿ ಮಾಶಾಕನನ್ನು ಕರೆದುಕೊಂಡು ಮತ್ತೆ ಬಂದಳು. ಇನ್ನು ಮೂರು ದಿನ ಉಳಿದಿದ್ದವು. ಮಾಶಾಕ ಮೂರು ದಿನ ಯೋಚಿಸಿ ಒಂದು ಮಾತು ಸಿದ್ಧಮಾಡಿಕೊಂಡಿದ್ದ.

“ಸರ್, ಅನುವಾದ ಮಾಡಬ್ಯಾಡ್ರಿ. ವಿದ್ವಾಂಸರೂ ಬ್ಯಾಡ. ಆಕಿ ಏನ ಅಂದಾಳ, ಅದನ್ನ ಹಂಗ ಕಳಸ್ರಿ. ಪಗಾರ ಅನ್ನೂದ ಒಂದಕ್ಕ ಸಂಬಳ ಅಂತ ಬರೀರಿ, ಮಾಫಿಗೆ ಕೈ ಹಚ್ಚಬ್ಯಾಡ್ರಿ. ಅಲ್ಲಿ ಚಾ ಕೊಡೋ ಹುಡುಗಗೂ ತಿಳೀತೈತಿ.”

“ನಿಯಮದಾಗ ಇಂಗ್ಲಿಷ್ ಅಂತೈತಿ.”

“ನಿಯಮದಾಗ ಸುಳ್ಳ ಅಂತ ಐತೇನ್ರಿ?”

ಸೋಮೇಶನ ಮುಖ ಕೆಂಪಾಯಿತು. ಆಗ ಅವನು ನಿಜ ಹೇಳಿದ. “ಇದು ನಮ್ಮ ಕೋಶದ ಮೊದಲನೇ ಕೇಸು. ಮ್ಯಾಲಿನವ್ರಿಗೆ ಹೋಗೇತಿ, ಪೇಪರಿನಾಗ ಬಂದೈತಿ. ಈಗ ನಾವ ತಪ್ಪ ಕೇಳೀವಿ ಅಂತ ಬರದ್ರ ಇಡೀ ಕೋಶಾನ ಮುಚ್ಚತಾರ. ಒಬ್ಬಾಕಿ ಸಲವಾಗಿ ಮುಂದ ಬರೂ ನೂರ ಮಂದಿಗೆ ಅನ್ಯಾಯ ಮಾಡ್ಲೇನು?” ಇಷ್ಟು ಹೇಳಿ ಶಿರಹಟ್ಟಿಯಲ್ಲಿ ಮೀಟಿಂಗ್ ಇದೆ ಎಂದು ಹೊರಟುಹೋದ.

ಕೋಣೆಯಲ್ಲಿ ರೋಜಾ ಒಬ್ಬಳೇ ಉಳಿದಳು. ಸ್ವಲ್ಪ ಹೊತ್ತು ಕೀಬೋರ್ಡ್ ಒರೆಸಿದಳು.

“ಅಮ್ಮಾರ, ಗೋಡಿ ಮ್ಯಾಗಿನ ಒಂಬತ್ತನೇ ನಿಯಮ ಓದಸ್ಕೊಳ್ರಿ,” ಎಂದಳು.

ಮಾಶಾಕ ಓದಿದ. ಹೇಳಿಕೆಯ ಧ್ವನಿಮುದ್ರಣದ ಪ್ರತಿಯನ್ನು ದೂರುದಾರರು ಅಥವಾ ಅವರ ಕುಟುಂಬದವರು ಅರ್ಜಿ ಕೊಟ್ಟು ಪಡೆಯಬಹುದು.

“ಅರ್ಜಿ ಬರೀರಿ, ನಾ ಠಸೆ ಹೊಡದು ಕೊಡ್ತೀನಿ. ಇದಕ್ಕ ಸರ್‌ನ ಕೇಳೂದ ಬೇಕಾಗಿಲ್ಲ.” ಅರ್ಜಿ ತೆಗೆದುಕೊಳ್ಳುವಾಗ ಅವಳು ತಲೆ ಎತ್ತಲಿಲ್ಲ. “ಸ್ವಇಚ್ಛೆಯಿಂದ ಅಂತ ಆಕಿ ಅಂದಿರಲಿಲ್ರಿ. ಗನಿ ಸಾಹೇಬ್ರು ಸೇರಸು ಅಂದ್ರು, ಸರ್ ಹೂಂ ಅಂದ್ರು. ನಾ ಟೈಪ್ ಮಾಡಿದೆ.”

ಅಮೀನಬಿ ಅವಳನ್ನು ದೂರಲಿಲ್ಲ. ಕಾಗದದ ಮೇಲೆ ತನ್ನ ಸಹಿಯೂ ಇತ್ತು.

ಮೂರು ಗಂಟೆ ಐದು ನಿಮಿಷಕ್ಕೆ ಮಾಶಾಕ ತನ್ನ ಫೋನಿಗೆ ಹಾಕಿಸಿಕೊಂಡ ಧ್ವನಿಮುದ್ರಣವನ್ನು ಫಲಕದ ಮೇಲಿದ್ದ ಅಲ್ಲಿಯ ಸಹಾಯವಾಣಿಯ ನಂಬರಿಗೆ ಕಳಿಸಿದ. ಜೊತೆಗೆ ಪ್ರಕರಣದ ಸಂಖ್ಯೆ ಹಾಕಿದ. ಬೇರೆ ಏನೂ ಬರೆಯಲಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಮೂರು ಇಪ್ಪತ್ತೇಳಕ್ಕೆ ಉತ್ತರ ಬಂತು. ಮಾಶಾಕ ಅದನ್ನು ಎರಡು ಸಲ ಓದಿ ಅಮೀನಬಿಗೆ ಹೇಳಿದ.

“ಏನಂತ ಬರದಾರ ಗೊತ್ತೈತೇನ್ರಿ ಖಾಲಾ? ‘ಈಕೆ ಇಲ್ಲ ಎನ್ನುತ್ತಿದ್ದಾಳೆ. ನೀವು ಕ್ಷಮಿಸಿದ್ದಾಳೆ ಎಂದು ಏಕೆ ಬರೆದಿರಿ?’”

ಇಪ್ಪತ್ತೆರಡು ನಿಮಿಷ. ಗದಗದಲ್ಲಿ ಆರು ದಿನಕ್ಕೂ ಆಗದ ಕೆಲಸ.

“ಏನಂತ ಉತ್ತರಾ ಕೊಡಲಿ?” ಎಂದು ಮಾಶಾಕ ಕೇಳಿದ.

“ನಮ್ಮ ಕಡೆ ಮನಶ್ಯಾ ಮಾಫಿ ಅಂತ ಬರಿ,” ಎಂದಳು ಅಮೀನಬಿ.

ಅವನು ಹಾಗೆ ಬರೆಯಲಿಲ್ಲ. ಮಗಳಿಗೆ 20ರ ಒಳಗೆ ಬಿಡುಗಡೆ ಬೇಕು ಎಂದಷ್ಟೇ ಬರೆದ.

19ರಂದು ಅಲ್ಲಿಯ ಕಚೇರಿ ಯಾಸ್ಮೀನಳನ್ನೂ ಮನೆಯವರನ್ನೂ ಕರೆಸಿತು. ಪಾಸ್‌ಪೋರ್ಟ್ ಮೇಜಿನ ಮೇಲೆ ಬಂತು. ಪರವಾನಗಿ ನವೀಕರಿಸಬಾರದು, ಅವಳನ್ನು ಊರಿಗೆ ಕಳಿಸಬೇಕು ಎಂದು ಆದೇಶವಾಯಿತು. ಪಗಾರದ ಮಾತು ಬಂದಾಗ ಮನೆಯವರು ಕಡತದಲ್ಲಿದ್ದ ಗದಗದ ಕಾಗದ ತೋರಿಸಿದರು. ಅದರ ಮೇಲೆ ಎರಡು ಸಾಕ್ಷಿ ಸಹಿ ಇದ್ದವು, ಒಂದು ತಾಯಿಯದು. ಧ್ವನಿ ಕೇಳಿದ್ದೇವೆ, ಆದರೆ ಸರ್ಕಾರಿ ಕಾಗದವನ್ನು ಕಳಿಸಿದವರೇ ಹಿಂಪಡೆಯಬೇಕು ಎಂದು ಅಲ್ಲಿಯ ಅಧಿಕಾರಿ ಗದಗಕ್ಕೆ ಎರಡು ಮೇಲ್ ಬರೆದ. ಎರಡಕ್ಕೂ ಉತ್ತರ ಹೋಗಲಿಲ್ಲ. ಹದಿನಾರು ತಿಂಗಳ ಪಗಾರ ಅಲ್ಲೇ ಉಳಿಯಿತು.

ಯಾಸ್ಮೀನ ಏಪ್ರಿಲ್ 4ರಂದು ಊರಿಗೆ ಬಂದಳು. ಹಬ್ಬ ಮುಗಿದು ನಾಲ್ಕು ದಿನವಾಗಿತ್ತು. ಬಸ್ಸಿನಿಂದ ಇಳಿದಾಗ ಕೈಯಲ್ಲಿ ಒಂದೇ ಚೀಲವಿತ್ತು. ಅಮೀನಬಿ ಮಗಳ ಎರಡೂ ಕೈ ಹಿಡಿದುಕೊಂಡು ಮಾಫಿ ಕೇಳಲು ಬಾಯಿ ತೆರೆದಳು. ಆ ಶಬ್ದ ಹೊರಗೆ ಬರಲಿಲ್ಲ. ಮನೆಗೆ ಹೋಗಿ ರೊಟ್ಟಿ ಬಡಿದಳು.

ಮುಂದಿನ ವಾರ ತಾಯಿ ಮಗಳು ಗದಗಕ್ಕೆ ಹೋದರು. ಸೋಮೇಶ ಎದ್ದು ಬಂದು ಕುರ್ಚಿ ಎಳೆದುಕೊಟ್ಟ.

“ಬಾ ತಂಗಿ. ಬಂದಿ, ಛಲೋ ಆತು. ಎರಡೂ ದೇಶ ಸೇರಿ ಮಾಡಿದ ಕೆಲಸ ಇದು. ಇಲ್ಲೊಂದ ಸಹಿ ಹಾಕಿಬಿಡು, ಸಮಾಧಾನ ಆತು ಅಂತ.”

“ಪಗಾರ ಮಾಫಿರಿ,” ಎಂದಳು ಯಾಸ್ಮೀನ.

ಸೋಮೇಶ ನಕ್ಕ. “ಯಾವ ಮಾಫಿ ಇದು? ಆಕಡೀದೋ ಈಕಡೀದೋ?”

ಯಾಸ್ಮೀನ ಸಹಿ ಹಾಕದೆ ಕಾಗದವನ್ನು ಅವನ ಕಡೆಗೆ ತಿರುಗಿಸಿ ಇಟ್ಟು ಎದ್ದಳು.

ಕೋಶದ ಮೊದಲ ವರದಿ ಜೂನ್‌ನಲ್ಲಿ ಅಚ್ಚಾಯಿತು. ಯಾಸ್ಮೀನಳ ಪ್ರಕರಣ ಅದರ ಎರಡನೇ ಪುಟದಲ್ಲಿ, ‘ಕಾರ್ಮಿಕಳ ಕ್ಷಮೆಯೊಂದಿಗೆ ಇತ್ಯರ್ಥ’ ಎಂದು ದಾಖಲಾಗಿದೆ. ರೋಜಾಳ ಗುತ್ತಿಗೆ ಮೇ ಕೊನೆಗೆ ಮುಗಿದಿತ್ತು, ಅದನ್ನು ಮುಂದುವರಿಸಲಿಲ್ಲ. ಜೂನ್ 28ರಂದು ಅಬ್ದುಲಗನಿ ಶಿಗ್ಲಿಯಿಂದ ಇನ್ನಿಬ್ಬರು ಹೆಂಗಸರನ್ನು ಅದೇ ದೇಶಕ್ಕೆ ಕಳಿಸಿದ.